ಲೈಟು ತೆಗೆಸಿದ ಲೇಡೀಸ್ ಸೀಟು

ನಮ್ಮ ಅತ್ತಿಗೆ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಸೋತರು. ಮರುದಿನ ಬೆಳಿಗ್ಗೆ ಓಣಿಗೆಲ್ಲ ಪೇಢೆ ಹಂಚಿದರು.

ಗೆದ್ದವರು ಹಂಚುವುದನ್ನು ನೋಡಿದ್ದೇನೆ. ಸೋತವರು ಗೆದ್ದವರ ಮನೆ ಮುಂದೆ ಹಾಯುವಾಗ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವುದನ್ನೂ ನೋಡಿದ್ದೇನೆ. ಸೋತು ಸಿಹಿ ಹಂಚಿದವರನ್ನು ಕಂಡದ್ದು ಇದೇ ಮೊದಲು. ಅದೂ ನಮ್ಮ ತವರುಮನೆಯಲ್ಲಿ! ಪೇಢೆಯನ್ನು ಆದೋನಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳು ನಾನೇ. (ಗೆಲ್ಲುತ್ತಾರೆ ಅಂತ ತಂದಿದ್ದೆ. ಅದು ಬೇರೆ ಮಾತು.)

ಮೊದಲಿನಿಂದ ಹೇಳುತ್ತೇನೆ, ಕೇಳಿ.

ನಿಮಗೆ ಗೊತ್ತೇ ಇದೆ, ನನ್ನ ಸಂಸಾರ ಆದೋನಿಯಲ್ಲಿ. ತವರು ಆಲೂರು ದಾಟಿ ಚಿಪ್ಪಗಿರಿ ಕಡೆ ಹೋದರೆ ಸಿಗುವ ಊರು. ಅಲ್ಲಿ ನಮ್ಮಣ್ಣ ಈರಣ್ಣ ಹೋದ ಸಲದ ವಾರ್ಡ್ ಮೆಂಬರ್. ಹೊಲ ಇದೆ, ಎತ್ತುಗಳಿವೆ, ದೊಡ್ಡ ದನಿ ಇದೆ. ಪಕ್ಕದ ಮನೆಯ ಚನ್ನಬಸಪ್ಪನವರು ಹತ್ತಿ ವ್ಯಾಪಾರಿ. ಹೋದ ಸಲ ಅಣ್ಣನ ಎದುರು ನಿಂತು ಸೋತವರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಎರಡು ಮನೆಗೂ ಗೋಡೆ ಒಂದೇ. ಈ ಕಡೆ ಅಣ್ಣ ಕೆಮ್ಮಿದರೆ ಆ ಕಡೆ ಚನ್ನಬಸಪ್ಪನವರು ರೇಡಿಯೋ ಜೋರು ಮಾಡುತ್ತಾರೆ.

ಹಿತ್ತಲಿನಲ್ಲಿ ಮಾತ್ರ ಬೇರೆಯೇ ರಾಜ್ಯಭಾರ. ಅಲ್ಲಿನ ಗೋಡೆ ಎದೆಮಟ್ಟದ್ದು. ನಮ್ಮ ಅತ್ತಿಗೆ ನೀಲಮ್ಮ ಮತ್ತು ಚನ್ನಬಸಪ್ಪನವರ ಹೆಂಡತಿ ಸಾವಿತ್ರಮ್ಮ ಆ ಗೋಡೆಯ ಮೇಲಿಂದ ಪಲ್ಯ, ಹೆಪ್ಪು, ಉಪ್ಪಿನಕಾಯಿ, ಊರ ಸುದ್ದಿ ಎಲ್ಲವನ್ನೂ ದಾಟಿಸುತ್ತಾರೆ. ಅತ್ತಿಗೆ ಬಾಯಿ ತೆರೆದರೆ ಮುಚ್ಚುವುದು ಊಟಕ್ಕೇ. ಸಾವಿತ್ರಮ್ಮ ಹತ್ತು ಮಾತಿಗೆ ಒಂದು 'ಹೂಂ' ಅನ್ನುವವರು. ಗಂಡಂದಿರು ಮಾತು ಬಿಟ್ಟದ್ದು ಇವರಿಬ್ಬರಿಗೆ ತಿಳಿದಿರಲಿಲ್ಲ ಅಂತಲ್ಲ. ತಿಳಿದುಕೊಂಡು ಏನು ಮಾಡುವುದು? ಹೆಪ್ಪಿಗೆ ಯಾರ ಮನೆಗೆ ಹೋಗುವುದು?

ಹೀಗಿರುವಾಗ ಈ ಸಲ ನಮ್ಮ ವಾರ್ಡು ಲೇಡೀಸ್ ಸೀಟು ಆಯಿತು.

ಅಣ್ಣ ಒಂದು ಹೊತ್ತು ಊಟ ಬಿಟ್ಟ. "ಸೀಟು ಹೋತು, ಸೀಟು ಹೋತು" ಅಂತ ಅಂಗಳದಲ್ಲಿ ತಿರುಗಿದ. ಬಸ್ಸಿನಲ್ಲಿ ಕಿಟಕಿ ಸೀಟು ಯಾರೋ ಹಿಡಿದುಬಿಟ್ಟ ಹಾಗೆ. ಸಂಜೆಯ ಹೊತ್ತಿಗೆ ಅವನಿಗೆ ಐಡಿಯಾ ಹೊಳೆಯಿತು. ಅಡುಗೆಮನೆ ಬಾಗಿಲಿಗೆ ಬಂದು ಹೇಳಿದ:

"ನಿನ್ನ ಎಲೆಕ್ಷನ್ನಿಗೆ ನಿಂದರಸ್ತೀನಿ."

"ಈಗ ಕುಂತೀನ್ರಿ. ರೊಟ್ಟಿ ಮುಗೀಲಿ, ಆಮ್ಯಾಲ ನಿಂದರ್ತೀನಿ" ಅಂದರು ಅತ್ತಿಗೆ.

ಅದೇ ಸಂಜೆ ಗೋಡೆಯ ಆ ಕಡೆಯೂ ಅದೇ ಐಡಿಯಾ ಹೊಳೆದಿತ್ತು. ಗಂಡಸರ ಲೆಕ್ಕ ಸರಳ. ಜನರಲ್ ಇದ್ದರೆ ನಾನು, ಲೇಡೀಸ್ ಆದರೆ ನಮ್ಮಾಕಿ. ಹೆಸರು ಅವಳದು, ಕುರ್ಚಿ ನನ್ನದು. ಆದೋನಿಯ ಪ್ರೆಸ್ಸಿನಲ್ಲಿ ಪಾಂಪ್ಲೆಟ್ ಅಚ್ಚಾದವು. ಒಂದು ಮಗ್ಗುಲು ತೆಲುಗು, ಒಂದು ಮಗ್ಗುಲು ಕನ್ನಡ. 'ಈರಣ್ಣನವರ ಧರ್ಮಪತ್ನಿ' ಅನ್ನುವುದು ಹೆಬ್ಬೆರಳು ಗಾತ್ರದ ಅಕ್ಷರದಲ್ಲಿತ್ತು. 'ನೀಲಮ್ಮ' ಅನ್ನುವುದನ್ನು ಓದಲು ಕನ್ನಡಕ ಬೇಕಿತ್ತು. ಚನ್ನಬಸಪ್ಪನವರ ಪಾಂಪ್ಲೆಟ್ಟಿನಲ್ಲೂ ಅದೇ ಕಥೆ. ಅತ್ತಿಗೆಗೆ ಏಣಿ ಗುರುತು, ಸಾವಿತ್ರಮ್ಮನವರಿಗೆ ಬಿಂದಿಗೆ ಗುರುತು.

ಆಗಲೇ ನನಗೆ ತವರಿನಿಂದ ಕರೆ ಬಂತು. ಅತ್ತಿಗೆ ಜೊತೆ ತಿರುಗಾಡಲು ಒಂದು ಹೆಣ್ಣುಜೀವ ಬೇಕಂತೆ. (ಯಾರು ಎಲ್ಲಿಗೆ ಕರೆದರೂ ಸೀರೆ ಬದಲಿಸಿ ಹೊರಡುವವಳು ನಾನು. ಈ ಅಂಕಣ ನಡೆಯುತ್ತಿರುವುದೇ ಅದರಿಂದ.)

ಮೊದಲ ದಿನ ಅಣ್ಣನೇ ಮುಂದೆ ನಡೆದ. ಅತ್ತಿಗೆ ತಲೆಯ ಮೇಲೆ ಸೆರಗು ಹೊದ್ದು ಹಿಂದೆ. ಪ್ರತಿ ಮನೆಯಲ್ಲೂ ಕಟ್ಟೆಯ ಮೇಲೆ ಗಂಡಸು ಕೂತಿರುತ್ತಿದ್ದ. ಅಣ್ಣ ಅವನ ಜೊತೆ ಮಾತಾಡಿದ. ಅವನು ಅಣ್ಣನ ಜೊತೆ ಮಾತಾಡಿದ. ಮಳೆ, ಹತ್ತಿ, ಶೇಂಗಾ, ರಾಜಕೀಯ. ಬೀಡಿ ಹಚ್ಚಿದರು. ಎದ್ದು ಬಂದರು. ಕ್ಯಾಂಡಿಡೇಟು ಅನ್ನಿಸಿಕೊಂಡವರ ಮುಖವನ್ನು ಯಾರೂ ನೋಡಲಿಲ್ಲ. ಸಂಜೆ ಮನೆಗೆ ಬಂದು ಅತ್ತಿಗೆ ಕಾಲು ಚಾಚಿ ಕೂತರು.

"ಇವ್ರ ಹಿಂದ ನಿಂತ್ರ ಬಾಗಲದಿಂದ ವಾಪಸ್ ಬರಬೇಕವ್ವಾ. ನಾವ ಹೋದ್ರ ಅಡಿಗಿಮನಿ ತನಕ ಹೋಗಬಹುದು. ಓಟು ಇರೋದು ಅಲ್ಲಿ."

ಹಾಗಂದವರು ಎದ್ದು ಸೀದಾ ಹಿತ್ತಲಿಗೆ ಹೋದರು. ಗೋಡೆಯ ಮೇಲಿಂದ ಕರೆದರು:

"ಸಾವಿತ್ರೀ, ನಾಳೆ ಓಟು ಕೇಳಾಕ ಹೊಂಟೀನಿ. ಬರ್ತೀಯೇನು?"

ಆ ಕಡೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಆಮೇಲೆ ಸಣ್ಣ ದನಿ: "ನಾನೂ ಓಟು ಕೇಳಬೇಕಲ್ಲಕ್ಕಾ."

"ಅದಕ್ಕ ಕರಿಯಾಕತ್ತೀನಿ. ಒಬ್ಬೊಬ್ಬರ ಹೋದ್ರ ಮಂದಿ ಏನರ ಅಂತಾರ. ಇಬ್ಬರೂ ಹೋಗೋಣು. ನೀನು ನಿನಗ ಕೇಳು, ನಾನು ನನಗ ಕೇಳ್ತೀನಿ."

"ಹೂಂ" ಅಂದರು ಸಾವಿತ್ರಮ್ಮ.

ಭಾರತದ ಚುನಾವಣಾ ಇತಿಹಾಸದಲ್ಲಿ ಇಂಥದ್ದು ಬೇರೆಲ್ಲಾದರೂ ನಡೆದಿದೆಯೋ ಇಲ್ಲವೋ, ನಾನರಿಯೆ. ಮರುದಿನ ಇಬ್ಬರು ಎದುರಾಳಿಗಳು ಒಂದೇ ಕೊಡೆಯ ಕೆಳಗೆ ಪ್ರಚಾರಕ್ಕೆ ಹೊರಟರು. ಕೊಡೆ ಹಿಡಿದವಳು ನಾನು.

ಮನೆಮನೆಯಲ್ಲೂ ಒಂದೇ ಪ್ರಶ್ನೆ. "ನೀವಿಬ್ಬರೂ ಒಂದ ಪಾರ್ಟಿನಾ?"

"ಬ್ಯಾರೆ ಬ್ಯಾರೆ" ಅನ್ನುತ್ತಿದ್ದರು ಅತ್ತಿಗೆ. "ನನಗ ಹಾಕ್ರಿ. ಇಲ್ಲಂದ್ರ ಆಕಿಗೆ ಹಾಕ್ರಿ. ಮನ್ಯಾಗ ಮಾತ್ರ ಕುಂಡ್ರಬ್ಯಾಡ್ರಿ."

ನಗು, ನೀರು, ಎಲೆ-ಅಡಿಕೆ. ಗಂಡಸರು ಕಟ್ಟೆಯ ಮೇಲೆಯೇ ಉಳಿದರು. ನಾವು ಮೂವರೂ ಸೀದಾ ಒಲೆಯ ಮುಂದೆ. ಅಲ್ಲಿ ಮಳೆ, ರಾಜಕೀಯ ಯಾರೂ ಎತ್ತಲಿಲ್ಲ. ಅಲ್ಲಿ ಎದ್ದ ಮಾತೇ ಬೇರೆ. ಮೊದಲು ಬಾಯಿ ಬಿಟ್ಟವಳು ಗಿರಣಿ ಓಣಿಯ ಖಾಸಿಂಬಿ. ಹೊಲದ ಕೂಲಿಗೆ ಹೋಗುವ ಹೆಂಗಸು. ಹಿಟ್ಟಿನ ಕೈಯನ್ನು ಕೊಡವಿಕೊಂಡು ಎದ್ದಳು.

"ಅಮ್ಮಾ, ನನ್ನ ಓಟು ಯಾರಿಗರ ಹಾಕ್ತೀನಿ. ಹಳ್ಳದ ಹತ್ರ ಆ ಬತ್ತಿ ಐತಲ್ಲಾ, ಅದನ್ನ ತೆಗಸ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ನಾನು ಬೆಚ್ಚಿದೆ. ಬತ್ತಿ ಅಂದರೆ ಟ್ಯೂಬ್ ಲೈಟು. ಹಳ್ಳದ ದಾರಿಯ ಆ ಟ್ಯೂಬ್ ಲೈಟು ನಮ್ಮಣ್ಣನ ಕೀರ್ತಿಪತಾಕೆ! ಮೆಂಬರ್ ಆಗಿ ಓಡಾಡಿ, ಕರೆಂಟ್ ಆಫೀಸಿಗೆ ಅಲೆದು ಹಾಕಿಸಿದ್ದು. ಕಂಬಕ್ಕೆ ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದಿದ್ದ. ನನಗೆ ತೋರಿಸಲೆಂದೇ ಒಮ್ಮೆ ಸಂಜೆ ಕರೆದುಕೊಂಡು ಹೋಗಿದ್ದ.

"ಯಾಕ ತೆಗಸಬೇಕು?" ಅಂತ ಕೇಳಿದವಳು ನಾನು. ಪಟ್ಟಣದವಳಲ್ಲವೇ.

ಮೂವರೂ ನನ್ನ ಮುಖ ನೋಡಿದರು. ಹೇಳಿದವರು ಅತ್ತಿಗೆ, ದನಿ ತಗ್ಗಿಸಿ. ಆ ಹಳ್ಳದ ದಂಡೆಯ ಜಾಲಿ ಪೊದೆಗಳ ಹಿಂದೆಯೇ ಊರ ಹೆಂಗಸರು ನೀರಿನ ಚರಿಗೆ ಹಿಡಿದು ಬಯಲಕಡೆ ಹೋಗುತ್ತಿದ್ದದ್ದು. ಕತ್ತಲೆ ಅವರಿಗೆ ಗೋಡೆಯಂತಿತ್ತು. ಲೈಟು ಬಂದು ಗೋಡೆ ಬಿತ್ತು. ಬೆಳಕಿದೆ ಅಂತ ಗಂಡಸರು ಅಲ್ಲೇ ಕಟ್ಟೆಯ ಮೇಲೆ ಇಸ್ಪೀಟು ಆಡಲು ಕೂತರು. ಈಗ ಹೆಂಗಸರು ಹಳ್ಳ ದಾಟಿ, ಕಲ್ಲು ಮುಳ್ಳು ತುಳಿದು ಆಚೆ ದಂಡೆಗೆ ಹೋಗಬೇಕು. ಬಸುರಿಯರೂ, ಮುದುಕಿಯರೂ. ಬೆಳೆದ ಹುಡುಗಿಯರು ಸಂಜೆ ಊಟವನ್ನೇ ಅರ್ಧ ಮಾಡಿಕೊಂಡಿದ್ದಾರೆ. ನೀರು ಕುಡಿಯುವುದನ್ನೂ.

ಹೊರಗೆ ಬಂದಮೇಲೆ ಕೇಳಿದೆ: "ಅತ್ತಿಗಿ, ನೀವೂ ಅಲ್ಲಿಗೇ ಹೋಗೋರಲ್ಲ? ಅಣ್ಣಗ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳಲಿ? ಲೈಟ್ ಹತ್ತಿದ ದಿನ ಮನಿಗೆ ಬಂದು ಹುಡುಗರಂಗ ಕುಣಿದಾಡಿದ್ರು. 'ನಿಮಗ ಹೆಣಮಕ್ಕಳಿಗೆ ಕತ್ತಲದಾಗ ಹಾವು ಚೇಳು ಭಯ ಇರಬಾರದಂತ ಹಾಕಿಸೀನಿ' ಅಂದ್ರು. ಅಂಥಾವರಿಗೆ ಏನಂತ ಹೇಳ್ತಿ?"

ನಿಜ. ಏನಂತ ಹೇಳುವುದು? ಅಣ್ಣ ಕೆಟ್ಟವನಲ್ಲ. ಹೆಂಗಸರ ಒಳ್ಳೆಯದಕ್ಕೇ ಹಾಕಿಸಿದ್ದ. ಹೆಂಗಸರನ್ನು ಕೇಳುವುದೊಂದನ್ನು ಮರೆತಿದ್ದ, ಅಷ್ಟೆ.

ಆಮೇಲೆ ಹೋದ ಮನೆಗಳಲ್ಲೆಲ್ಲ ಅದೇ ಮಾತು. ಕನ್ನಡದಲ್ಲಿ, ತೆಲುಗಿನಲ್ಲಿ, ಎರಡನ್ನೂ ಕಲಸಿದ ನಮ್ಮ ಸೀಮೆಯ ಭಾಷೆಯಲ್ಲಿ. ಕೊನೆಯ ಓಣಿಗೆ ಬರುವಷ್ಟರಲ್ಲಿ ಇಬ್ಬರು ಕ್ಯಾಂಡಿಡೇಟುಗಳದ್ದೂ ಒಂದೇ ಪ್ರಣಾಳಿಕೆ: ಗೆದ್ದಾಕಿ ಲೈಟು ತೆಗೆಸಬೇಕು.

ಓಟಾಯಿತು. ಎಣಿಕೆಯೂ ಆಯಿತು. ಸ್ವಲ್ಪದರಲ್ಲಿ ಸಾವಿತ್ರಮ್ಮ ಗೆದ್ದರು. ಅಣ್ಣ ಟವೆಲ್ ಮುಖದ ಮೇಲೆ ಹಾಕಿಕೊಂಡು ಮಲಗಿದ. ಗೋಡೆಯ ಆ ಕಡೆ ಪಟಾಕಿ ಹೊಡೆದರು. "ಚನ್ನಬಸಪ್ಪನವರಿಗೆ ಜೈ!" ಅಂತ ಕೂಗಿದರು. ಹಾರ ಬಿದ್ದದ್ದು ಚನ್ನಬಸಪ್ಪನವರ ಕೊರಳಿಗೆ. ಸಾವಿತ್ರಮ್ಮ ಒಳಗೆ ಮಂದಿಗೆಲ್ಲ ಚಾ ಕಾಸುತ್ತಿದ್ದರು.

ಮರುದಿನ ಬೆಳಿಗ್ಗೆ ಅತ್ತಿಗೆ ನನ್ನ ಚೀಲದಿಂದ ಪೇಢೆ ಡಬ್ಬಿ ಹೊರತೆಗೆದರು.

"ಸೋತು ಯಾರರ ಪೇಢೆ ಹಂಚ್ತಾರೇನು ಅತ್ತಿಗಿ?"

"ಅವರ ಮನ್ಯಾಗ ಚನ್ನಬಸಪ್ಪ ಗೆದ್ದಾನಂತ ಹಂಚ್ಯಾರ. ಸಾವಿತ್ರಿ ಗೆದ್ದಾಳಂತ ಹಂಚಾವರು ಯಾರರ ಬೇಕಲ್ಲ?"

ಡಬ್ಬಿ ಹಿಡಿದುಕೊಂಡು ಹಿಂದೆ ನಡೆದೆ. ಅತ್ತಿಗೆ ಮೊದಲ ಪೇಢೆಯನ್ನು ಸಾವಿತ್ರಮ್ಮನವರ ಬಾಯಿಗೇ ಹಾಕಿದರು. ಆ ಹೆಂಗಸು ಅಗಿಯಲೂ ಇಲ್ಲ, ನುಂಗಲೂ ಇಲ್ಲ, ಸುಮ್ಮನೆ ಅತ್ತರು. (ಅತ್ತಿಗೆ ತಮ್ಮ ಓಟು ಯಾರಿಗೆ ಹಾಕಿದ್ದರು? ಕೇಳಿದೆ. "ಗುಪ್ತ ಮತದಾನ ಅಂದ್ರ ಗುಪ್ತ" ಅಂದರು.)

ಇನ್ನು ಪಂಚಾಯ್ತಿಯ ಮೊದಲ ಮೀಟಿಂಗು. ಹೊಸ ಲೇಡಿ ಮೆಂಬರ್ ನೋಡಬೇಕು ಅಂತ ನಾನು ಮತ್ತೆ ಬಸ್ಸು ಹತ್ತಿದೆ.

ಪಂಚಾಯ್ತಿ ಆಫೀಸು ಅಂದರೆ ಒಂದೇ ಕೋಣೆ. ಉದ್ದನೆಯ ಮೇಜು, ಮೆಂಬರುಗಳಿಗೆ ತಲಾ ಒಂದು ಕುರ್ಚಿ. ನಾವು ಹೋಗುವಷ್ಟರಲ್ಲಿ ಸಾವಿತ್ರಮ್ಮನವರ ಕುರ್ಚಿಯಲ್ಲಿ ಚನ್ನಬಸಪ್ಪನವರು ಕೂತು ಚಾ ಕುಡಿಯುತ್ತಿದ್ದರು. ಸರ್ಪಂಚ್ ನರಸಪ್ಪನವರು ಕನ್ನಡಕ ಏರಿಸಿ ಬಾಗಿಲ ಕಡೆ ನೋಡಿದರು.

"ಏನಮ್ಮಾ, ಹೆಣಮಕ್ಕಳೆಲ್ಲ ಬಂದೀರಿ?"

ಸಾವಿತ್ರಮ್ಮ ನೆಲ ನೋಡಿದರು. ಉತ್ತರ ಕೊಟ್ಟವರು ಅತ್ತಿಗೆ. "ಈಕಿ ಮೆಂಬರ್ ಅದಾಳ್ರಿ. ಮೀಟಿಂಗಿಗೆ ಬಂದಾಳ."

"ಮತ್ತ ನೀವು?"

"ನಾನು ಸೋತಾಕ್ರಿ. ಆಕಿ ಜೋಡಿ ಬಂದೀನಿ."

ಕೋಣೆಯಲ್ಲಿ ನಗು. ನರಸಪ್ಪನವರೂ ನಕ್ಕರು. ಆದರೆ ಮೆಂಬರ್ ಎದುರಿಗೆ ನಿಂತಿರುವಾಗ ಮೆಂಬರ್ ಗಂಡ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತಾನು? ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಚನ್ನಬಸಪ್ಪನವರಿಗೆ ತಿಳಿಯಿತು. ಚಾ ಕಪ್ಪು, ಸಾಸರು ಸಮೇತ ಎದ್ದರು. ಹೊರಗೆ ಕಟ್ಟೆಯ ಮೇಲೆ ನಮ್ಮಣ್ಣ ಮೊದಲೇ ಬಂದು ನಿಂತಿದ್ದ, ಪಕ್ಕದ ಮನೆಯವರ ದರ್ಬಾರು ನೋಡಲು. ಈಗ ಇಬ್ಬರೂ ಒಂದೇ ಕಿಟಕಿಯ ಹೊರಗೆ. ಅತ್ತಿಗೆ ಬಾಗಿಲ ಹತ್ತಿರ ನೆಲದ ಮೇಲೆ ಕೂತರು. ಪೇಪರಿಗೆ ಬರೆಯುವವಳು ಅಂತ ನನ್ನನ್ನೂ ಯಾರೂ ಓಡಿಸಲಿಲ್ಲ.

ಮೊದಲ ವಿಷಯವೇ ಲೈಟು! ಹಳ್ಳದ ದಾರಿಗೆ ಇನ್ನೂ ಎರಡು ಟ್ಯೂಬ್ ಲೈಟು ಹಾಕಿಸೋಣ ಅಂದರು ನರಸಪ್ಪನವರು. "ಅಭಿವೃದ್ಧಿ" ಅಂತ ಬೇರೆ ಅಂದರು. ಮೆಂಬರುಗಳು ತಲೆ ಆಡಿಸಿದರು.

ಅತ್ತಿಗೆ ಕೂತಲ್ಲೇ ಮೊಣಕಾಲ ಮೇಲೆ ಎದ್ದರು. "ಅಲ್ರೀ ಸರ್ಪಂಚ್ರೇ..."

"ನೀವು ಸುಮ್ಮನಿರ್ರಿ ತಾಯಿ. ಸೋತೋರು ಮಾತಾಡಂಗಿಲ್ಲ. ರೂಲ್ ಐತಿ."

ಎಂಥ ಪೇಚು ನೋಡಿ. ಬಾಯಿ ಇದ್ದವರಿಗೆ ಸೀಟು ಇಲ್ಲ. ಸೀಟು ಇದ್ದವರಿಗೆ ಬಾಯಿ ಇಲ್ಲ. ಅತ್ತಿಗೆ ಸಾವಿತ್ರಮ್ಮನವರ ಬೆನ್ನನ್ನೇ ನೋಡುತ್ತ ಕೂತರು.

ಸಾವಿತ್ರಮ್ಮ ಎದ್ದು ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದರು.

"ಇನ್ನೆರಡು ಬ್ಯಾಡ್ರಿ. ಇರೋದೂ ತೆಗೀರಿ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹೋ ಅಂತ ನಗು. "ಏಮಮ್ಮಾ, ಊರಿಕಿ ಚೀಕಟಿ ಕಾವಾಲಾ?" ಅಂತ ಒಬ್ಬ ಮೆಂಬರ್ ತೆಲುಗಿನಲ್ಲಿ ಕೇಳಿದ. ಊರಿಗೆ ಕತ್ತಲೆ ಬೇಕಾ ಅಂತ. "ಅದಕ್ಕ ಹೇಳೋದು, ಹೆಣಮಕ್ಕಳನ್ನ ತಂದು ಕುಂಡ್ರಿಸಿದ್ರ..." ಅಂತ ಇನ್ನೊಬ್ಬರು ಶುರು ಮಾಡಿದರು. ಕಿಟಕಿಯ ಹೊರಗೆ ಚನ್ನಬಸಪ್ಪನವರು ಹಣೆ ಹಿಡಿದುಕೊಂಡರು.

"ಯಾಕಂತ ಹೇಳಮ್ಮ" ಅಂದರು ನರಸಪ್ಪನವರು. ತಾಳ್ಮೆಯಿಂದಲೇ.

ಯಾಕಂತ? ಅಲ್ಲೇ ಇತ್ತು ಕಷ್ಟ. ಹಿತ್ತಲ ಗೋಡೆಯ ಮೇಲೆ ಹೇಳಬಹುದಾದ ಮಾತು, ಒಲೆಯ ಮುಂದೆ ಹೇಳಬಹುದಾದ ಮಾತು. ಕೋಣೆ ತುಂಬ ಗಂಡಸರು, ಅವರಲ್ಲಿ ಒಬ್ಬರು ವಾವೆಯಲ್ಲಿ ಮಾವ, ಕಿಟಕಿಯಲ್ಲಿ ಸ್ವಂತ ಗಂಡ. ನಾನಾಗಿದ್ದರೆ? ಪೇಪರಿನಲ್ಲಿ ಬರೆಯುವ ಧೈರ್ಯಸ್ಥೆ ನಾನು, ತಲೆನೋವು ಅಂತ ಹೇಳಿ ಎದ್ದು ಬರುತ್ತಿದ್ದೆ.

ಸಾವಿತ್ರಮ್ಮ ಯಾರ ಮುಖವನ್ನೂ ನೋಡಲಿಲ್ಲ. ಮೇಜಿಗೆ ಹೇಳಿದರು.

"ನಾವು ಚರಿಗಿ ತಗೊಂಡು ಹೋಗೋ ಜಾಗದಾಗ ಲೈಟ್ ಹಾಕೀರಿ. ಅದರ ಕೆಳಗ ಇಸ್ಪೀಟ್ ಆಡಾಕ ಮಂದಿ ಕುಂಡ್ರತಾರ. ನಾವು ಎಲ್ಲಿ ಹೋಗಬೇಕ್ರಿ?"

ನಗು ನಿಂತಿತು. ಒಬ್ಬರು ಮೇಲೆ ಜಂತಿ ನೋಡಿದರು. ಒಬ್ಬರು ಎಲೆ-ಅಡಿಕೆ ಚೀಲದಲ್ಲಿ ಏನೋ ಹುಡುಕಿದರು. ಸಾವಿತ್ರಮ್ಮನವರ ಮಾತು ಮುಗಿದಿರಲಿಲ್ಲ. ಒಮ್ಮೆ ಶುರುವಾದದ್ದು ಈಗ ನಿಲ್ಲುವ ಹಾಗಿರಲಿಲ್ಲ.

"ಹಳ್ಳದ ಆಚಿ ಕಡಿ ಹೊಂಟೀವಿ. ನಿಮ್ಮ ಅವ್ವಾರೂ ಬರ್ತಾರ್ರಿ ನಮ್ಮ ಜೋಡಿ. ಅವರ ಕಾಲು ಉಳುಕಿದ್ದು ಅಂಗಳದಾಗಲ್ಲ. ಹಳ್ಳದ ಕಲ್ಲಿನ ಮ್ಯಾಲ ಬಿದ್ದಿದ್ರು. ನಾನು, ನೀಲಕ್ಕ ಎತ್ತಿಕೊಂಡು ಬಂದ್ವಿ. 'ನಮ್ಮ ನರಸಪ್ಪಗ ಹೇಳಬ್ಯಾಡ್ರಿ, ನಾಚಿಕಿ ಆಕ್ಕೈತಿ' ಅಂದಿದ್ರು. ಅದಕ್ಕ ಹೇಳಿರಲಿಲ್ಲ."

ನರಸಪ್ಪನವರು ಕನ್ನಡಕ ತೆಗೆದರು. ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡರು. ಅವರ ತಾಯಿ ಹಂಪಮ್ಮನಿಗೆ ಎಪ್ಪತ್ತು ದಾಟಿದೆ. ಅಂಗಳದಲ್ಲಿ ಜಾರಿ ಬಿದ್ದರು ಅಂತ ಊರಿಗೆಲ್ಲ ಗೊತ್ತಿತ್ತು. ಮಗ ಅಂಗಳಕ್ಕೆ ಹೊಸ ಬಂಡೆ ಹಾಕಿಸಿದ್ದರಂತೆ, ಅವ್ವ ಮತ್ತೆ ಜಾರಬಾರದು ಅಂತ!

"ನಮ್ಮವ್ವ..." ಅಂದರು. ಮುಂದಿದ್ದ ಕಾಗದ ಪಕ್ಕಕ್ಕೆ ಸರಿಸಿ, "ಲೈಟು ಎಲ್ಲಿಗೆ ಹಾಕಬೇಕು, ನೀನ ಹೇಳು ತಂಗೀ" ಅಂದರು.

"ಸೇದೋ ಬಾವಿ ಹತ್ರ ಹಾಕ್ರಿ. ನಸುಕಿನಾಗ ನೀರಿಗೆ ಹೋದಾಗ ಬಾವಿ ಕಟ್ಟಿ ಕಾಣಂಗಿಲ್ಲ. ಹಳ್ಳದ ಕಡಿ ಒಂದು ಗ್ವಾಡಿ ಕಟ್ಟಸ್ರಿ."

ಲೈಟು ಪಾಸಾಯಿತು. ಗೋಡೆಗೆ 'ನೋಡೋಣ' ಅಂದರು. (ಪಂಚಾಯ್ತಿಯ 'ನೋಡೋಣ' ಏನು ಅಂತ ನಿಮಗೆ ಹೇಳಬೇಕೇ?) ಆಮೇಲೆ ನಡೆದ ಮೀಟಿಂಗಿನಲ್ಲೂ ಸಾವಿತ್ರಮ್ಮ ಎದ್ದು, "ಗ್ವಾಡಿ ಏನಾತ್ರಿ?" ಅಂತ ಕೇಳಿದರಂತೆ. ಅಷ್ಟೇ ಮಾತು. ಕೂತರಂತೆ. ಅದಕ್ಕೇ ನರಸಪ್ಪನವರಿಗೆ ಬೆವರು ಬಂತಂತೆ. ಈಗ ಕಲ್ಲು ಬಂದು ಬಿದ್ದಿವೆ. ಗೋಡೆ ಎದ್ದಿಲ್ಲ.

ಹೊರಗೆ ಬಂದಾಗ ಅಣ್ಣ ಮತ್ತು ಚನ್ನಬಸಪ್ಪನವರು ಕಿಟಕಿಯ ಹತ್ತಿರವೇ ಇದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಣ್ಣನೇ ಮೊದಲು ಕೇಳಿದ, "ನಿಮಗೂ ಗೊತ್ತಿರಲಿಲ್ಲೇನು?"

"ಎಲ್ಲಿ ಹೇಳ್ತಾರ್ರೀ ಇವರು" ಅಂದರು ಚನ್ನಬಸಪ್ಪನವರು. ಬೀಡಿ ಕಟ್ಟು ಚಾಚಿದರು. ಹೋದ ಎಲೆಕ್ಷನ್ನಿನಿಂದ ನಿಂತಿದ್ದ ಮಾತು ಅಲ್ಲಿಗೆ ಶುರುವಾಯಿತು.

ಲೈನ್‌ಮನ್ ಬಂದ ದಿನ ಅಣ್ಣನೇ ನಿಂತು ಆ ಟ್ಯೂಬ್ ಲೈಟು ಇಳಿಸಿದನಂತೆ. ತಾನು ಹಾರ ಹಾಕಿದ ಲೈಟನ್ನು ತಾನೇ ಕೈಯಲ್ಲಿ ಹಿಡಿದುಕೊಂಡು ಬಾವಿಯ ತನಕ ನಡೆದನಂತೆ. ಮನೆಗೆ ಬಂದು ಅತ್ತಿಗೆಯನ್ನು ಕೇಳಿದ: "ಮೆಂಬರ್ ನಾನ ಇದ್ನಲ್ಲಾ. ನನಗ ಒಂದು ಮಾತು ಹೇಳಬಾರದಾಗಿತ್ತೇನು?"

"ಓಟು ಕೇಳಾಕ ನೀವು ಎಂದರ ಅಡಿಗಿಮನಿ ತನಕ ಬಂದಿದ್ರೇನು?" ಅಂದರು ಅತ್ತಿಗೆ. ಅಣ್ಣ ನಕ್ಕನಂತೆ. ಅವನ ಗುಣ ಅದು. ಸೋತಾಗ ಟವೆಲ್, ತಪ್ಪಾದಾಗ ನಗು.

ಈ ಕಥೆಯನ್ನು ಆದೋನಿಯಲ್ಲಿ ನನ್ನ ಯಜಮಾನರ ಗೆಳೆಯರೊಬ್ಬರಿಗೆ ಹೇಳಿದೆ. ಬಹಳ ಓದಿಕೊಂಡವರು. ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: "ಎಲ್ಲಾ ಸರಿ. ಆದ್ರೂ ಈ ಲೇಡೀಸ್ ಸೀಟು, ಮೀಸಲಾತಿ, ಇವೆಲ್ಲ ಯಾಕ್ರೀ? ಯೋಗ್ಯತೆ ಇದ್ದೋರು ಗಂಡಸಾಗಲಿ, ಹೆಂಗಸಾಗಲಿ, ತಾವೇ ಗೆದ್ದು ಬರ್ತಾರ. ಸೀಟು ಹಿಡಿದು ಇಡೋದು ಅನ್ಯಾಯ ಅಲ್ಲೇನು?"

ನಾನು ಯೋಚಿಸಿದೆ. ನಮ್ಮೂರಿನಲ್ಲಿ ಪಂಚಾಯ್ತಿ ಶುರುವಾದಂದಿನಿಂದ ಆ ಉದ್ದನೆಯ ಮೇಜಿನ ಸುತ್ತ ಕೂತವರನ್ನೆಲ್ಲ ನೆನಪು ಮಾಡಿಕೊಂಡೆ. ಒಳ್ಳೆಯವರಿದ್ದರು. ಬುದ್ಧಿವಂತರಿದ್ದರು. ಅವ್ವನ ಮೇಲೆ ಜೀವ ಇಟ್ಟುಕೊಂಡವರಿದ್ದರು. ಒಬ್ಬರಿಗೂ ಹಳ್ಳದ ಕಲ್ಲಿನ ಸುದ್ದಿ ತಿಳಿದಿರಲಿಲ್ಲ. ತಿಳಿಯುವ ಬಗೆಯಾದರೂ ಯಾವುದು? ಯೋಗ್ಯತೆ ಎಷ್ಟಿದ್ದರೂ, ಚರಿಗೆ ಹಿಡಿದು ಹಳ್ಳ ದಾಟಿದವರು ಅವರಲ್ಲ.

ಹಾಗಂತ ಸಾವಿತ್ರಮ್ಮ ದೊಡ್ಡ ಲೀಡರ್ ಆಗಿಬಿಟ್ಟರು ಅಂತ ತಿಳಿಯಬೇಡಿ. ಈಗಲೂ ಹತ್ತು ಮಾತಿಗೆ ಒಂದು 'ಹೂಂ'. ಮೀಟಿಂಗಿಗೆ ಅತ್ತಿಗೆ ಇಲ್ಲದೆ ಹೊರಡುವುದಿಲ್ಲ. ಅತ್ತಿಗೆ ಬಾಗಿಲ ಹತ್ತಿರ ಕೂರುವುದು ರೂಢಿಯಾಗಿ, ಅಲ್ಲಿಗೂ ಒಂದು ಸ್ಟೂಲು ಬಂದಿದೆ. ನಮ್ಮ ವಾರ್ಡಿಗೆ ಸರ್ಕಾರ ಕೊಟ್ಟದ್ದು ಒಬ್ಬ ಲೇಡಿ ಮೆಂಬರ್. ಸಿಕ್ಕದ್ದು ಇಬ್ಬರು.

ಆ ಓದಿಕೊಂಡವರಿಗೆ ನಾನು ಇನ್ನೊಂದು ಲೋಟ ಕಾಫಿ ಕೊಟ್ಟೆ. ಅವರನ್ನು ಕಳಿಸಿ ಬಾಗಿಲು ಹಾಕುವಾಗ ಹೊಳೆದ ಪ್ರಶ್ನೆಯನ್ನು ಈಗ ನಿಮ್ಮನ್ನೇ ಕೇಳುತ್ತೇನೆ. ಇಷ್ಟು ವರ್ಷ ಅಷ್ಟೂ ಕುರ್ಚಿಗಳಲ್ಲಿ ಗಂಡಸರೇ ಕೂತಿದ್ದರಲ್ಲ, ಅದಕ್ಕೆ ಯಾರೂ ಮೀಸಲಾತಿ ಅಂತ ಯಾಕೆ ಅನ್ನಲಿಲ್ಲ?